ಹೆಸರಿರುವ ನೋವು

೨೦೦೩, ಜೂನ್ ೮, ಭಾನುವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ, ಎರಡನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ನೀರಜಾಳ ಹೊಟ್ಟೆಯ ಬಲಗಡೆ ಏನೋ ಒಡೆಯಿತು. ಸೊಂಟದ ಮೇಲಿದ್ದ ಪ್ಲಾಸ್ಟಿಕ್ ಕೊಡವನ್ನು ಅವಳು ಬೀಳಿಸಲಿಲ್ಲ. ವೇಲಚೇರಿಯ ಆ ಬೀದಿಗೆ ನೀರಿನ ಲಾರಿ ಬಂದಿದ್ದೇ ನಾಲ್ಕು ದಿನದ ಮೇಲೆ. ಕೊಡವನ್ನು ಮೆಲ್ಲಗೆ ಇಳಿಸಿ ಅದರ ಪಕ್ಕ ಕುಕ್ಕರಿಸಿದಳು.

ಹಠಾತ್ತನೆ. ಒಂದೇ ಕಡೆ. ಭಾರ ಎತ್ತಿದಾಗ.

ಮಹಿಳಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅವಳಿಗೆ ಲಕ್ಷಣಗಳು ಪುಸ್ತಕದ ಕ್ರಮದಲ್ಲೇ ನೆನಪಾದವು. ತಿಂಗಳ ಹಿಂದೆ ಒಬ್ಬಳೇ ಹೋಗಿ ಸ್ಕ್ಯಾನ್ ಮಾಡಿಸಿದ್ದಳು. ಬಲ ಅಂಡಾಶಯದಲ್ಲಿ ನೀರುಗುಳ್ಳೆ ಇದೆ, ತಾನಾಗಿ ಕರಗಬಹುದು, ಒಡೆದರೆ ಮಾತ್ರ ತಡ ಮಾಡಬೇಡಿ ಎಂದಿದ್ದರು ಡಾಕ್ಟರು. ಅದಕ್ಕೂ ಮೊದಲು ಕೌಂಟರಿನ ಹುಡುಗಿ, ಕಾದು ಕೂತವರೆಲ್ಲ ಕೇಳುವಂತೆ, "ಮೇರೇಜ್ ಆಚ್ಚಾ?" ಎಂದು ತಮಿಳಿನಲ್ಲಿ ಮದುವೆಯ ವಿಷಯ ಕೇಳಿದ್ದಳು. ನೀರಜಾ ಇಲ್ಲವೆಂದು ತಲೆಯಾಡಿಸಿದ್ದಳು. ಬೆಂಚಿನವರು ಒಮ್ಮೆ ಅವಳನ್ನು ನೋಡಿ ಟೀವಿಯ ಕಡೆ ತಿರುಗಿದ್ದರು. ಮನೆಯಲ್ಲಿ ಹೇಳಲಿಲ್ಲ.

ಅಪ್ಪನ ತಂಗಿ ಅಕ್ಕು ಅತ್ತೆ ಬಾಗಿಲಿನಿಂದ ಇಣುಕಿದರು.

"ಏನೇ ಅದು, ಹೊಟ್ಟೆ ಹಿಡ್ಕೊಂಡು ಕೂತಿದೀಯ? ದೂರ ಆದ್ಯಾ?"

ಆ ಮನೆಯಲ್ಲಿ, ಮದುವೆಯಾಗದ ಹೆಣ್ಣಿನ ಕಿಬ್ಬೊಟ್ಟೆಯ ನೋವಿಗೆ ಇದ್ದದ್ದು ಅದೊಂದೇ ಹೆಸರು. ಅವಳು ಮುಟ್ಟಾಗಿರಲಿಲ್ಲ, ಅದಕ್ಕಿನ್ನೂ ಎರಡು ವಾರವಿತ್ತು. ಆದರೂ ನೀರಜಾ ಹೌದೆಂದು ತಲೆಯಾಡಿಸಿದಳು.

"ಸರಿಹೋಯ್ತು. ಅವರಪ್ಪನ ತಿಥಿ ನೋಡ್ಕೊಂಡೇ ಬರತ್ತೆ, ಅತ್ತಿಗೆ. ಲೆಕ್ಚರರಮ್ಮ, ಆ ನೀರು ಒಳಗೆ ತರ್ಬೇಡ. ಅಲ್ಲೇ ಚೆಲ್ಲು."

ಶ್ರಾದ್ಧಕ್ಕೆ ಬರುವ ಬ್ರಾಹ್ಮಣರ ಕಾಲು ತೊಳೆಯಲು ತಂದ ನೀರು. ಅವಳೇ ಬಗ್ಗಿ ಮೋರಿಗೆ ಸುರಿದಳು. ಕೆಳಗೆ ಕ್ಯೂನಲ್ಲಿದ್ದ ಹೆಂಗಸರು ತಲೆಯೆತ್ತಿ ನೋಡಿದರು.

ದೂರ ಆದವರಿಗೆ ಹಿಂದಿನ ಕೋಣೆಯಲ್ಲಿ ಒಂದು ಚಾಪೆ. ಯಾರೂ ಬರುವುದಿಲ್ಲ, ಯಾರೂ ಕೇಳುವುದಿಲ್ಲ. ಈ ಆಚಾರವನ್ನು ಸ್ಟಾಫ್ ರೂಮಿನಲ್ಲಿ ಅವಳು ಹಲವು ಸಲ ಹೀಗಳೆದಿದ್ದಳು. ಇವತ್ತು ಅದರೊಳಗೆ ಬಚ್ಚಿಟ್ಟುಕೊಂಡಿದ್ದಳು, ಅದೂ ಸುಳ್ಳು ಹೇಳಿ.

ಹಾಲಿನಲ್ಲಿ ತಮ್ಮ ಕೃಷ್ಣರಾಜ ಪುರೋಹಿತರ ಹಿಂದೆ ಮಂತ್ರ ಒಪ್ಪಿಸುತ್ತಿದ್ದ. ಫೋನೂ ಅಲ್ಲೇ ಇತ್ತು, ಪಿಂಡಗಳ ಆಚೆ. ಅದನ್ನು ಮುಟ್ಟಬೇಕಾದರೆ ಅಷ್ಟೂ ಜನರ ನಡುವೆ ಹಾದುಹೋಗಬೇಕು. ಹೋಗಿ, ಯಾವ ಅಂಗದ ಹೆಸರು ಹೇಳಬೇಕು? ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನು ಅವಳು ಕನ್ನಡದಲ್ಲಿ ಯಾರಿಗೂ ಹೇಳಿರಲಿಲ್ಲ.

ಅಮ್ಮ ಸರಸ, ಮಡಿಯ ಒದ್ದೆ ಸೀರೆಯಲ್ಲಿ, ಹೊಸ್ತಿಲಾಚೆ ನಿಂತು ಕೇಳಿದರು: "ಜಾಸ್ತೀನಾ?"

"ಪರವಾಗಿಲ್ಲ."

"ಮಾತ್ರೆ?"

"ತಗೊಂಡೆ." ತಗೊಂಡಿರಲಿಲ್ಲ.

ಅಮ್ಮ ಹೋದ ಮೇಲೆ ಬಲ ಭುಜದ ತುದಿ ನೋಯತೊಡಗಿತು. ಪರೀಕ್ಷೆಗೆ ಬರುವುದಿಲ್ಲವೆಂದು ಪ್ರತಿ ವರ್ಷ ಬಿಟ್ಟು ಮುಂದೆ ಹೋಗುತ್ತಿದ್ದ ಒಂದು ವಾಕ್ಯವಿತ್ತು: ಹೊಟ್ಟೆಯೊಳಗೆ ಸೋರಿದ ರಕ್ತ ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆಯನ್ನು ತಾಕಿದರೆ ನೋವು ಭುಜದಲ್ಲಿ ಕಾಣುತ್ತದೆ. ಭುಜವನ್ನು ಒತ್ತಿ ನೋಡಿದಳು. ಅಲ್ಲಿ ಏನೂ ಆಗಿರಲಿಲ್ಲ. ಅಂಗೈ ತಣ್ಣಗೆ ಬೆವರಿತ್ತು. ನಾಡಿ ತೆಳ್ಳಗೆ ಓಡುತ್ತಿತ್ತು. ಇದು ಕಾಯುವ ನೋವಲ್ಲ ಎಂದು ಅವಳಿಗೆ ಗೊತ್ತಿತ್ತು. ಬ್ರಾಹ್ಮಣರ ಊಟವಾಗಲಿ ಎಂದುಕೊಂಡಳು.

ವಾಂತಿ ಬಂದಂತಾಗಿ ಎದ್ದಳು. ಗೋಡೆ ಕಪ್ಪಾಯಿತು.

ಬಿದ್ದ ಸದ್ದಿಗೆ ಹಾಲಿನಲ್ಲಿ ಮಂತ್ರ ನಿಂತಿತು. "ಏನಮ್ಮಾ ಅದು?" ಕೃಷ್ಣರಾಜನ ದನಿ.

"ಏನಿಲ್ಲ. ನೀನು ಮುಗ್ಸು," ಎಂದರು ಅಮ್ಮ.

ಮಂತ್ರ ಮತ್ತೆ ಶುರುವಾಯಿತು. ಅಮ್ಮ ಹೊಸ್ತಿಲಲ್ಲಿ ನಿಂತಿದ್ದರು. ನೀರಜಾಳ ಕೆನ್ನೆ ನೆಲಕ್ಕೆ ಅಂಟಿತ್ತು.

"ಅಮ್ಮಾ, ನಾನು ದೂರ ಆಗಿಲ್ಲ. ಸುಳ್ಳು ಹೇಳ್ದೆ. ತಲೆ ಸುತ್ತತ್ತೆ, ವಾಂತಿ ಬರತ್ತೆ. ನನ್ನ ಎತ್ತು. ಆಸ್ಪತ್ರೆಗೆ ಹೋಗ್ಬೇಕು."

ಅಮ್ಮ ಒಳಗೆ ಬಂದರು. ಬಗ್ಗಿ ಕೈ ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು. ಅವರು ಮಗಳ ಮುಖ ನೋಡುತ್ತಿರಲಿಲ್ಲ, ಹೊಟ್ಟೆ ನೋಡುತ್ತಿದ್ದರು.

"ದೂರ ಆಗಿಲ್ಲ," ಎಂದರು, ಹಾಲಿಗೆ ಕೇಳದಷ್ಟು ಸಣ್ಣಗೆ. "ತಲೆ ಸುತ್ತತ್ತೆ. ವಾಂತಿ ಬರತ್ತೆ."

"ಅಮ್ಮಾ, ಅದಲ್ಲ. ಒಳಗೆ ರಕ್ತ ಹೋಗ್ತಿದೆ."

"ಏನು ಮಾಡ್ಕೊಂಡೆ? ಮಾತ್ರೆ ನುಂಗಿದ್ಯಾ?"

"ಇಲ್ಲ."

"ಯಾರಿಗೂ ಹೇಳಲ್ಲ. ನನ್ನ ಹತ್ರ ಮಾತ್ರ ಹೇಳು. ಯಾರು?"

ನೀರಜಾ ಒಂದು ಹೆಸರಿಗಾಗಿ ನಿಜವಾಗಿಯೂ ಹುಡುಕಿದಳು. ಕಾಲೇಜು, ಬಸ್ಸು, ಇಷ್ಟು ವರ್ಷಗಳ ಸಂಜೆಗಳು. ತಾನು ಹುಡುಕುತ್ತಿರುವುದು ತಿಳಿದಾಗ, ಹೇಳಿದ ಸುಳ್ಳಿಗಿಂತ, ಬಿದ್ದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಯಾರೂ ಇಲ್ಲ," ಎಂದಳು.

ಅಮ್ಮ ಕೈ ಹಿಂದಕ್ಕೆಳೆದುಕೊಂಡು ಒಂದು ಹೆಜ್ಜೆ ಸರಿದರು. ಒದ್ದೆ ಅಂಚಿನಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಅವರು ಹಾಲಿನ ಕಡೆ ನೋಡಿದರು, ಮತ್ತೆ ಇವಳ ಕಡೆ, ಮತ್ತೆ ಹಾಲಿನ ಕಡೆ. ಹೋಗಲೂ ಇಲ್ಲ, ಬರಲೂ ಇಲ್ಲ.

ನೀರಜಾಳ ಕಣ್ಣಿನ ಮಟ್ಟದಲ್ಲಿ ಅಮ್ಮನ ಪಾದಗಳಿದ್ದವು. ನಡುವೆ ಮೂರು ಮೊಸಾಯಿಕ್ ಹಾಸುಗಲ್ಲುಗಳು. ಒಂದೊಂದೂ ಹತ್ತು ಇಂಚು.

ಮೂವತ್ತು ಇಂಚು.