ತಾರವ್ವ ಸೀನುತ್ತಾಳೆ

ಎಷ್ಟೇ ಅವಸರವಿರಲಿ, ಇದನ್ನೊಂದಿಷ್ಟು ಕೂತು ಕೇಳಿ. ಅರ್ಧಕ್ಕೇ ಎದ್ದು ಹೋಗಬೇಡಿ.

"ಆಕಿ ಹೆಸರ ತಗದಬಿಡೊ ಮಹಾವೀರ," ಎಂದಳು ತುಳಸವ್ವ. ನಿಪ್ಪಾಣಿಯ ಆ ಸಣ್ಣ ಅಚ್ಚುಕೂಟದ ಹೊಸ್ತಿಲ ಮೇಲೆ ಕೂತಿದ್ದಳು. ಸೆರಗಿನ ಮೇಲೆ, ರೆಪ್ಪೆಯ ಮೇಲೆ ತಂಬಾಕಿನ ಪುಡಿ. ಮಹಾವೀರ ಸೀಸದ ಅಚ್ಚುಮೊಳೆ ಜೋಡಿಸಿ ಅವಳ ಕಥೆಯನ್ನು ಆಗಲೇ ಸಿದ್ಧಮಾಡಿಟ್ಟಿದ್ದ.

ತನ್ನ ಪತ್ರಿಕೆಯ ಎಂಬತ್ತಾರರ ದೀಪಾವಳಿ ಸಂಚಿಕೆಗೆ ಅವನು 'ಎಲ್ಲೂ ನಡೆಯದ ಸಂಗತಿಗಳು' ಎಂದು ಹೆಸರಿಟ್ಟು, ಹೊಸಬರಿಂದಲೂ ಬರೆಯುವುದನ್ನು ಬಿಟ್ಟವರಿಂದಲೂ ಕಥೆ, ಕವಿತೆ ಕೇಳಿದ್ದ. ತುಳಸವ್ವ ಬಿಟ್ಟವಳು. ಶಾಲೆಯಲ್ಲಿದ್ದಾಗ ಒಂದೆರಡು ಕವಿತೆ ಅಚ್ಚಾಗಿದ್ದವು. ಆಮೇಲೆ ಮದುವೆ, ವಖಾರಿ ಎನ್ನುವ ಗೋದಾಮಿನಲ್ಲಿ ತಂಬಾಕು ಸಾಣಿಸುವ ಕೆಲಸ. ಈಗ ಬರೆದದ್ದು ಇಷ್ಟು: ಒಂದರ ಮೇಲೊಂದು ಪೇರಿಸಿದ ಚೀಲಗಳ ಥಪ್ಪಿ ಕುಸಿದು ಒಬ್ಬಳು ಅದರ ಕೆಳಗೆ ಸಿಕ್ಕಿಕೊಳ್ಳುತ್ತಾಳೆ. ಸಾಯುವುದಿಲ್ಲ, ಅಲ್ಲೇ ಒಲೆ ಹೂಡುತ್ತಾಳೆ. ದಿನಾ ಬೆಳಿಗ್ಗೆ ಸೀನುತ್ತಾಳೆ, ಒಂದೊಂದು ಸೀನಿಗೂ ಮಾಲೀಕನ ಬಂಗಲೆಯ ಹೆಂಚು ಹಾರುತ್ತವೆ.

ಸಾಣಿಸುತ್ತ ಹಾಡುವಾಗ ಪದದ ಕೊನೆಗೆ ಪಕ್ಕದವಳ ಹೆಸರು ಸೇರಿಸಿ ಕಾಡುವುದು ವಖಾರಿಯ ಹೆಂಗಸರ ರೂಢಿ. ಅದೇ ರೂಢಿಯಲ್ಲಿ ಥಪ್ಪಿಯೊಳಗಿನವಳಿಗೆ ತನ್ನ ಪಕ್ಕ ಕೂತು ಸಾಣಿಸುವ ತಾರವ್ವನ ಹೆಸರಿಟ್ಟಿದ್ದಳು. ಓದಿ ಹೇಳಿದಾಗ ತಾರವ್ವ ಹೊಟ್ಟೆ ಹಿಡಿದು ನಕ್ಕಿದ್ದಳು.

"ಯವ್ವಾ, ಹೆಂಚ ಹಾರ್ತಾವ? ಹಂಗಾರ ನಮ್ಮ ಮನ್ಯಾಗ ಸೀನಂಗಿಲ್ಲ ಬಿಡ. ಹೆಸರ ಮಾತ್ರ ತಗೀಬ್ಯಾಡ ಮತ್ತ. ಅಚ್ಚಿನ್ಯಾಗ ನಾ ಒಮ್ಮಿನೂ ಬಂದಿಲ್ಲ."

ಕಥೆ ಕೊಟ್ಟ ವಾರದಲ್ಲೇ ಥಪ್ಪಿ ನಿಜಕ್ಕೂ ಕುಸಿಯಿತು. ಚೀಲ ಎಳೆದು ತೆಗೆಯುವ ಹೊತ್ತಿಗೆ ತಾರವ್ವನ ಬಾಯಿ, ಮೂಗಿನ ತುಂಬ ತಂಬಾಕು. ಕೆಲಸದವರ ಮೇಲ್ವಿಚಾರಣೆಯ ಮುಕಾದಮ ಕಾಕಾಸಾಹೇಬ ಹೆಣವನ್ನು ಹಿಂಬಾಗಿಲಿನಿಂದ ಮನೆಗೆ ಸಾಗಿಸಿದ. ಪೊಲೀಸರು ಬಂದಾಗ, "ಆಕಿ ಅವತ್ತ ಕೆಲಸಕ್ಕ ಬಂದೇ ಇಲ್ರಿ. ಮನ್ಯಾಗ ದಮ್ಮ ಹತ್ತಿ ಸತ್ತಾಳ," ಎಂದ. ಹೆಂಗಸರೆಲ್ಲ ತಲೆ ತಗ್ಗಿಸಿದರು. ತುಳಸವ್ವನೂ ತಗ್ಗಿಸಿದಳು.

"ಹೆಸರ ತಗಿ ಅಂತೀಯಲ್ಲ ಅಕ್ಕಾ," ಎಂದ ಮಹಾವೀರ, "ಮುಂಜಾನೆ ಕಾಕಾಸಾಹೇಬ ಬಂದಿದ್ದ. ಬೈತಾನ ಅಂತ ತಿಳಕೊಂಡ್ರ ನಕ್ಕ. 'ಹೆಸರ ಸಹಿತ ಛಾಪಸೋ ತಮ್ಮಾ. ಇನ್ನ ಯಾವರ ಮಗಾ ಥಪ್ಪಿ ಬಿತ್ತು ಅಂದ್ರ, ಅದು ತುಳಸವ್ವನ ಕಟ್ಟಕಥಿ ಅಲ್ಲೇನಲೇ ಅಂತ ಹೇಳಾಕ ಬರ್ತೈತಿ' ಅಂದ."

"ಅದಕ್ಕ ತಗಿ ಅನ್ನಾಕತ್ತೀನಿ."

ಅಷ್ಟರಲ್ಲಿ ತಾರವ್ವನ ತಾಯಿ ಮಲಕವ್ವ ಬಂದಳು. ಹೊಸ್ತಿಲಲ್ಲೇ ತುಳಸವ್ವನ ಪಕ್ಕ ಕುಸಿದು ಕೂತಳು.

"ಹೆಸರ ತಗಸಾಕ ಬಂದೀಯೇನ? ಬ್ಯಾಡ ನನ್ನವ್ವಾ. ವಖಾರ್ಯಾಗ ಥಪ್ಪಿ ಬಿದ್ದಿದ್ದು ಯಾರೂ ಎಲ್ಲೂ ಬರದಿಲ್ಲ. ನಿನ್ನ ಕಥ್ಯಾಗರ ಇರ್ಲಿ."

"ಅದು ಸುಳ್ಳ ಕಥಿ, ಚಿಗವ್ವಾ. ಅದ್ರಾಗ ಆಕಿ ಸಾಯಂಗಿಲ್ಲ."

"ಸಾಯದಿದ್ರ ಇನ್ನೂ ಚೊಲೋ ಆತಲ್ಲ," ಎಂದಳು ಮಲಕವ್ವ.

ಹೊರಗೆ ವಖಾರಿಯ ಭೋಂಗಾ ಕೂಗಿತು. ಊಟದ ಹೊತ್ತು ಮುಗಿದಿತ್ತು. ತುಳಸವ್ವ ಏಳಲಿಲ್ಲ.

"ಹೆಸರ ಇರ್ಲಿ," ಎಂದಳು ಕೊನೆಗೆ. "ಕಡೀಕ ಇಷ್ಟ ಸೇರಸು. ಥಪ್ಪಿ ಖರೇನ ಬಿತ್ತು. ತುಳಸವ್ವ ಬಾಜೂಕ ಕೂತಿದ್ಲು. ಕಣ್ಣಾರೆ ನೋಡಿದ್ಲು. ಪೊಲೀಸರ ಮುಂದ ಬಾಯಿ ತಗೀಲಿಲ್ಲ."

ಮಹಾವೀರನ ಕೈ ಮೊಳೆಗಳ ಮೇಲೆ ನಿಂತಿತು. "ನಾಳಿಂದ ನಿನ್ನ ಕೆಲಸಾ?"

ಭೋಂಗಾ ಎರಡನೆಯ ಸಲ ಕೂಗಿತು. ಮಹಾವೀರ ಒಂದೊಂದೇ ಮೊಳೆ ಹೆಕ್ಕತೊಡಗಿದ. ಓದಲು ಬಾರದ ಮಲಕವ್ವ ಒಳಗೆ ಬಗ್ಗಿ, ಮಗಳ ಹೆಸರು ಯಾವುದೆಂದು ಕೇಳಿ, ಆ ತಿರುಗುಮುರುಗು ಸೀಸದ ಅಕ್ಷರಗಳ ಮೇಲೆ ಬೆರಳಿಟ್ಟಳು. ಬೆರಳಿಗೆ ಮಸಿ ಹತ್ತಿತು.

ಆ ಹೊಸ್ತಿಲ ಮೇಲೆ ನೀವು ಕೂತಿದ್ದರೆ, ಏನು ಸೇರಿಸಲು ಹೇಳುತ್ತಿದ್ದಿರಿ?