ಉರಿಯದ ಬಲ್ಬು

ಭರಣಿ ಮಳೆ ಬೀಳಬೇಕಾದ ದಿನಗಳು. ಮೋಡ ಬೆಳಿಗ್ಗೆಯೇ ಕಟ್ಟುತ್ತಿತ್ತು, ಒಂದು ಹನಿಯನ್ನೂ ಉದುರಿಸದೆ ಸಂಜೆಯವರೆಗೆ ಊರಿನ ಮೇಲೆ ಕವುಚಿಕೊಂಡಿರುತ್ತಿತ್ತು. ಹೆಬ್ಬಾಳದ ಯುಪಿಎಸ್ ಕಾರ್ಖಾನೆಯ ತಗಡಿನ ಸೂರಿನ ಕೆಳಗೆ ಎಲ್ಲರ ಅಂಗಿಯೂ ಬೆನ್ನಿಗಂಟಿತ್ತು. ಆ ಬೇಸಿಗೆಯಲ್ಲಿ ಮೈಸೂರಿನಲ್ಲಿ ಕರೆಂಟು ಗಳಿಗೆಗೊಮ್ಮೆ ಹೋಗುತ್ತಿತ್ತು. ಹಾಗಾಗಿ ಕಾರ್ಖಾನೆಗೂ ಬಿಡುವಿರಲಿಲ್ಲ.

ಡಿಸೈನ್ ವಿಭಾಗದ ಸೀನಿಯರ್ ಎಂಜಿನಿಯರ್ ಸಂಘಮಿತ್ರ ಒಂದು ಯಂತ್ರವನ್ನು ಪರೀಕ್ಷೆ ಮಾಡಿ, ಆಫ್ ಮಾಡಿ, ಬಲ್ಬಿಗಾಗಿ ಕೈ ಚಾಚಿದಳು. ಅದು ಇದ್ದ ಜಾಗದಲ್ಲಿ ಇರಲಿಲ್ಲ.

ಹೋಲ್ಡರಿಗೆ ಎರಡು ದಪ್ಪ ವೈರು ಕಟ್ಟಿದ ಹಾಲುಬಣ್ಣದ ಬಲ್ಬು ಅದು. ಯಂತ್ರ ಆಫ್ ಆದಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರಬಹುದು. ವೈರನ್ನು ಅವಕ್ಕೆ ತಾಗಿಸಿದರೆ ಬಲ್ಬು ಭಗ್ಗೆಂದು ಹತ್ತಿ ಆರಿಹೋಗುತ್ತದೆ. ಹತ್ತದಿದ್ದರೆ ಒಳಗೇನೂ ಇಲ್ಲವೆಂದು ಅರ್ಥ. ಆಮೇಲೆಯೇ ಕೈ ಹಾಕುವುದು. ಸರ್ವೀಸಿನ ಮಂಟೇಸ್ವಾಮಿ ಇದಕ್ಕೆ "ದೀಪ ತೋರ್ಸೋದು" ಎನ್ನುತ್ತಿದ್ದ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ದೀಪ ತೋರಿಸದೆ ಕೈ ಹಾಕಹೊರಟಾಗ ರಟ್ಟೆ ಹಿಡಿದು ಎಳೆದವನು ಅವನೇ. "ಒಂದ್ ಕೈ ಸಾಲ ಐತೆ ನಿನ್ ಮ್ಯಾಲೆ, ಮರೀಬ್ಯಾಡ ಕಣವ್ವ" ಎಂದು ಇಂದಿಗೂ ನಗುತ್ತಿದ್ದ.

"ಪುಟ್ಟಲಿಂಗಮ್ಮ, ಇಲ್ಲಿದ್ದ ಬಲ್ಬೆಲ್ಲಿ?"

ಕಾಯಿಲ್ ಸುತ್ತುತ್ತಿದ್ದ ಪುಟ್ಟಲಿಂಗಮ್ಮ ತಲೆಯೆತ್ತಲಿಲ್ಲ. "ಮಂಟೇಸಣ್ಣ ತಕ್ಕೊಂಡ್ ಓದ್ರಲ್ಲ ಮೇಡಂ. ವಿದ್ಯಾರಣ್ಯಪುರದ್ ನರ್ಸಿಂಗ್ ಹೋಮ್‌ಗೆ. ಯುಪಿಎಸ್ ಫ್ಯಾನು ಗೊರಕೆ ಒಡೀತದಂತೆ."

ಸಂಘಮಿತ್ರ ಫೋನಿನತ್ತ ತಿರುಗಿದಳು. ಬೆಳಿಗ್ಗೆ ಬಲ್ಬು ಅವಳ ಕೈಯಿಂದಲೇ ಬಿದ್ದಿತ್ತು. ಗಾಜು ಒಡೆದಿರಲಿಲ್ಲ, ಆದರೆ ಹಚ್ಚಿ ನೋಡಿದಾಗ ಉರಿದಿರಲಿಲ್ಲ. ಬದಲಾಯಿಸಬೇಕೆನ್ನುವಷ್ಟರಲ್ಲಿ ಮಾಲೀಕ ಚಂದ್ರಮೌಳಿ ಕರೆದಿದ್ದರು. ಅವಳು ಹಾಗೇ ಮೇಜಿನ ಮೇಲಿಟ್ಟು ಹೋಗಿದ್ದಳು.

ಹಳೆಯ ಯಂತ್ರವಾಗಿದ್ದರೆ ಭಯವಿರಲಿಲ್ಲ. ಉಳಿದ ಕರೆಂಟನ್ನು ತಾನಾಗಿಯೇ ಇಳಿಸುವ ಒಂದು ರೆಸಿಸ್ಟರ್ ಅವುಗಳಲ್ಲಿತ್ತು. ಆದರೆ ಅದು ಸದಾ ಬಿಸಿ. ಅದರಿಂದಾಗಿ ಹೊಸ ಮಾದರಿ ಸೆಕೆಯ ಪರೀಕ್ಷೆಯಲ್ಲಿ ಸೋಲುತ್ತಿತ್ತು.

"ಇದು ಯುಪಿಎಸ್ ಅಲ್ಲ ಮೇಡಂ, ಒಲೆ ಕಣ್ರೀ" ಎಂದಿದ್ದರು ಚಂದ್ರಮೌಳಿ, ಕೆಲವು ತಿಂಗಳ ಹಿಂದೆ. "ಅದನ್ನ ತೆಗೆದ್ರೆ?"

"ಆಫ್ ಮಾಡಿದ್ಮೇಲೂ ಒಳಗೆ ಕರೆಂಟ್ ನಿಂತಿರುತ್ತೆ ಸರ್."

"ಒಳಗ್ ಕೈ ಹಾಕೋರು ನಮ್ಮೋರೇ ತಾನೆ? ದೀಪ ತೋರಿಸ್ತಾರಲ್ಲ, ಬಿಡಿ ಅತ್ಲಾಗೆ."

ಅವಳು ರೆಸಿಸ್ಟರ್ ಇಲ್ಲದ ಡ್ರಾಯಿಂಗಿಗೆ ಸಹಿ ಹಾಕಿದ್ದಳು. ಮಂಟೇಸ್ವಾಮಿ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡಿದ್ದಳು. ಸಿಕ್ಕಾಗಲೆಲ್ಲ ಬೇರೆ ಮಾತು ಬರುತ್ತಿತ್ತು. ನರ್ಸಿಂಗ್ ಹೋಮಿಗೆ ಹೋದದ್ದು ಆ ಹೊಸ ಮಾದರಿಯೇ.

ಅಲ್ಲಿಗೆ ಫೋನು ಮಾಡಿದಳು. ಯಾರೋ ಎತ್ತಿದರು. "ಕೆಳಗಡೆ ಕೆಲ್ಸ ಮಾಡ್ತಾವ್ರೆ, ಕರೀತೀನಿ ಇರಿ" ಎಂದು ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು ಬಂತು. ಚಪ್ಪಲಿಯ ಸದ್ದು, ಎಲ್ಲೋ ಒಂದು ಮಗುವಿನ ಅಳು. ಆಮೇಲೆ ಯಾರೂ ಬರಲಿಲ್ಲ.

ಅವಳು ಸ್ಕೂಟರ್ ಹತ್ತಿದಳು. ಊರನ್ನು ಉದ್ದಕ್ಕೂ ದಾಟಬೇಕು. ಅಗ್ರಹಾರದ ಸರ್ಕಲ್ಲಿನಲ್ಲಿ ಟಾಂಗಾವೊಂದು ಅಡ್ಡ ನಿಂತಿತ್ತು. ಅಶೋಕಪುರಂ ಕಡೆಯ ತಿರುವಿನಲ್ಲಿ, ಅವಳ ಮನೆಯ ಪಕ್ಕದ ಮಂಚಮ್ಮ ಕೈಯೆತ್ತಿ ಏನೋ ಕೂಗಿದಳು. ಸಂಘಮಿತ್ರ ಸ್ಕೂಟರ್ ನಿಲ್ಲಿಸಲಿಲ್ಲ.

ನರ್ಸಿಂಗ್ ಹೋಮಿನ ನೆಲಮಾಳಿಗೆಯಲ್ಲಿ ಮಂಟೇಸ್ವಾಮಿ ಕುಕ್ಕರಗಾಲಲ್ಲಿ ಕೂತಿದ್ದ. ಪೆಟ್ಟಿಗೆಯ ಮುಚ್ಚಳ ಗೋಡೆಗೆ ಒರಗಿತ್ತು. ಬಲ್ಬು ಅವನ ಕಾಲ ಬಳಿ ಇತ್ತು. ಬಲಗೈ ಒಳಗೆ ಹೋಗುತ್ತಿತ್ತು.

"ಮಂಟೇಸಣ್ಣ, ಕೈ ತೆಗಿ!"

ಕೈ ಹಾಗೇ ನಿಂತಿತು. "ಯಾಕವ್ವ ಅಂಗ್ ಅರಚ್ತೀಯ? ದೀಪ ತೋರ್ಸಿವ್ನಿ. ಅತ್ತಲಿಲ್ಲ. ಖಾಲಿಯಾಗೈತೆ."

"ಯಂತ್ರ ಅಲ್ಲ ಖಾಲಿ, ಬಲ್ಬೇ ಹೋಗಿರೋದು."

ಮೆಟ್ಟಿಲ ಬಳಿ ಉರಿಯುತ್ತಿದ್ದ ಬಲ್ಬನ್ನು ಆರಿಸಿ, ಸೆರಗಿನಲ್ಲಿ ಹಿಡಿದು ಬಿಚ್ಚಿ ತಂದು ಹೋಲ್ಡರಿಗೆ ಹಾಕಿದಳು. ವೈರು ತಾಗಿಸಿದಳು. ನೆಲಮಾಳಿಗೆಯ ಮೂಲೆಮೂಲೆಯೂ ಕಣ್ಣು ಕುಕ್ಕುವಂತೆ ಬೆಳಗಿತು. ಮಂಟೇಸ್ವಾಮಿಯ ಮುಖ, ಗೋಡೆಯ ಬೂಷ್ಟು, ಒಡೆದ ಮಂಚವೊಂದು ಕಾಣಿಸಿದವು. ಬೆಳಕು ಕೆಂಪಾಗಿ ಕುಗ್ಗಿ ಆರಿತು.

ಅವನು ಅಲ್ಲೇ ಕುಂಡೆಯೂರಿ ಕೂತ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ತಿರುಗಿಸಿ ನೋಡಿದ. ಆಮೇಲೆ ನಕ್ಕ.

"ಸಾಲ ತೀರ್ಸ್‌ಬುಟ್ಟೆ ಬುಡವ್ವ."

ಅವಳು ನಗಲಿಲ್ಲ.

"ಆದ್ರೂ ಇದ್ಯಾಕೆ ಕರೆಂಟ್ನ ಇಂಗ್ ಇಡ್ಕಂಡಿತ್ತು?" ಎಂದ. "ಆಫ್ ಮಾಡ್ಬುಟ್ಟು ಟೀ ಕುಡ್ಕೊಂಡ್ ಬಂದ್ನಲ್ಲ."

"ಇಳಿಸೋ ರೆಸಿಸ್ಟರ್ ಇದ್ರಲ್ಲಿಲ್ಲ, ಮಂಟೇಸಣ್ಣ. ತೆಗೆದಿರೋದು ನಾನೇ. ಸೈನ್ ನಂದೇ."

ಅವನ ನಗು ತುಟಿಯ ಮೇಲೆಯೇ ಒಣಗಿತು. ಸ್ಕ್ರೂಡ್ರೈವರನ್ನು ಎತ್ತಿಕೊಂಡವನು ಮತ್ತೆ ಕೆಳಗಿಟ್ಟ.

"ನಾನಾದ್ರೆ ದೀಪ ತೋರ್ಸ್ತೀನಿ" ಎಂದ ಮೆಲ್ಲಗೆ. "ಇನಕಲ್ ಕಡೆ ಬೀದಿ ಮೆಕ್ಯಾನಿಕ್‌ಗಳೇ ಬಿಚ್ತಾರೆ ಕಣವ್ವ ಇವುನ್ನ. ಅವ್ರಿಗೆ ಆಫ್ ಅಂದ್ರೆ ಆಫೇ. ಇಂತವ್ನ ಬ್ಯಾರೆ ಕಡೀಕೂ ಕಳ್ಸವ್ರಾ?"

ಅಷ್ಟರಲ್ಲಿ ಕರೆಂಟು ಹೋಯಿತು. ಮೇಲೆ ಯಾರೋ ಜನರೇಟರ್ ಎಂದು ಕೂಗಿದರು. ರಸ್ತೆಯ ಮಟ್ಟಕ್ಕಿದ್ದ ಸಣ್ಣ ಕಿಟಕಿಯಿಂದ ಸಂಘಮಿತ್ರ ಹೊರಗೆ ನೋಡಿದಳು. ಮೋಡ ಕವಿದ ಬೀದಿ ಮಬ್ಬಾಗಿತ್ತು. ಎದುರಿನ ಫೋಟೋ ಸ್ಟುಡಿಯೋದಲ್ಲಿ ಮಾತ್ರ ಯುಪಿಎಸ್‌ನ ದೀಪ ಉರಿಯುತ್ತಲೇ ಇತ್ತು. ಅದರ ಮೇಲಿನ ಕಂಪ್ಯೂಟರ್ ಕ್ಲಾಸಿನಲ್ಲೂ. ಅದರಾಚೆ ರಕ್ತಪರೀಕ್ಷೆಯ ಅಂಗಡಿಯಲ್ಲೂ.