ಹನ್ನೊಂದರಿಂದ ಹನ್ನೊಂದೂವರೆ

ಅಡುಗೆಮನೆಯ ಕ್ಯಾಮೆರಾ ದಿನಾ ಹನ್ನೊಂದಕ್ಕೆ ಕಣ್ಣು ಮುಚ್ಚಿ ಹನ್ನೊಂದೂವರೆಗೆ ತೆರೆಯುತ್ತದೆ ಎಂದು ಆ ಮನೆಯ ಯಜಮಾನ ಫೋನಿನಲ್ಲಿ ದೂರಿದ.

"ಹದಿನೈದು ದಿನದಿಂದ ಇದೇ ಗೋಳು ಕಣ್ರೀ. ಉಳಿದ ಮೂರು ಚೆನ್ನಾಗಿವೆ. ಯಾವುದಕ್ಕೂ ಒಂದು ಹೊಸ ಕ್ಯಾಮೆರಾ ತಗೊಂಡೇ ಹೋಗಿ. ನಾನು ಆಫೀಸಲ್ಲಿರ್ತೀನಿ, ಮನೇಲಿ ಅಮ್ಮ ಇರ್ತಾರೆ. ಏನಾಗಿದೆ ಅಂತ ನನಗೆ ಮಾತ್ರ ಹೇಳಿ."

ಕೊನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತು ವರ್ಷದಿಂದ ಕಂಡವರ ಮನೆಗಳಲ್ಲಿ ವೈರು ಎಳೆದವನು ನಾನು. ಗಿರಾಕಿ ಹೇಳುವುದರಲ್ಲಿ ಅರ್ಧ ಕೇಳಿದರೆ ಸಾಕು, ಮಿಕ್ಕಿದ್ದನ್ನು ಪೆಟ್ಟಿಗೆಯೇ ಹೇಳುತ್ತದೆ ಎಂಬ ಜಂಬ ನನಗಿತ್ತು.

ಹತ್ತು ಗಂಟೆಗೆ ಹೋದೆ. ಬಾಗಿಲು ತೆರೆದ ತಾಯಿಯ ಎರಡೂ ಕೈ ಹಿಟ್ಟಾಗಿತ್ತು. ನನ್ನ ಚೀಲ ನೋಡಿದವರೇ ಸರಸರನೆ ಒಳಗೆ ಹೋಗಿಬಿಟ್ಟರು. ಹಾಲಿನ ಟಿವಿಯ ಕೆಳಗೆ ರೆಕಾರ್ಡಿಂಗ್ ಪೆಟ್ಟಿಗೆ. ಪರದೆ ಹಚ್ಚಿದರೆ ನಾಲ್ಕು ಚೌಕ: ಗೇಟು, ಹಾಲು, ಮೆಟ್ಟಿಲು, ಅಡುಗೆಮನೆ. ಹನ್ನೊಂದಕ್ಕೆ ಇನ್ನೂ ಒಂದು ಗಂಟೆ ಇದ್ದರೂ ಅಡುಗೆಮನೆಯ ಚೌಕ ಆಗಲೇ ಕಪ್ಪು.

ಅಡುಗೆಮನೆಯ ವೈರನ್ನು ಕಿತ್ತು ಗೇಟಿನ ಜಾಗಕ್ಕೆ ಸಿಕ್ಕಿಸಿದೆ. ಕಪ್ಪು ಅದರ ಹಿಂದೆಯೇ ಬಂತು. ಅಂದರೆ ಪೆಟ್ಟಿಗೆಯ ತಪ್ಪಲ್ಲ. ವೈರು ಹಿಡಿದು ಅಡುಗೆಮನೆಗೆ ಹೋದೆ. ಫ್ರಿಜ್ಜಿನ ಹಿಂದೆ ಕ್ಯಾಮೆರಾಕ್ಕೆ ಕರೆಂಟು ಕೊಡುವ ಸ್ವಿಚ್ಚು ಆಫ್ ಆಗಿತ್ತು. ಅದರ ಮೇಲೆ ಇನ್ನೂ ಒಣಗದ ಹಿಟ್ಟಿನ ಬೆರಳಚ್ಚು. ಕೈ ಸುಮ್ಮನಿರದೆ ಸ್ವಿಚ್ಚು ಒತ್ತಿದೆ. ಗೋಡೆಯ ಮೂಲೆಯಲ್ಲಿ ಕೆಂಪು ದೀಪ ಹತ್ತಿತು.

"ಆರಿಸಿದ್ದು ನಾನೇ ಕಣಪ್ಪಾ," ಎಂದರು ತಾಯಿ. "ರಿಪೇರಿಯವರು ಬರ್ತಾರೆ ಅಂತ ಮಗ ಹೇಳಿದ, ಜೀವ ಝಲ್ಲಂತು. ಇವತ್ತು ಬೇಗನೇ ಆರಿಸಿಬಿಟ್ಟೆ."

"ದಿನಾ ಯಾಕೆ ಆರಿಸ್ತೀರಮ್ಮಾ?"

ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹೇಳಿದರು. ಮಗಳು ತನಗೆ ಬೇಕಾದವನನ್ನು ಮದುವೆಯಾಗಿದ್ದಳು. ಅವಳು ಈ ಹೊಸ್ತಿಲು ತುಳಿಯಕೂಡದು ಎಂದು ಅಣ್ಣ ಹಟ ಹಿಡಿದಿದ್ದ. ತಾಯಿಯ ಫೋನನ್ನೂ ಕಿತ್ತುಕೊಂಡಿದ್ದ. ಈಗ ಅವಳಿಗೆ ಐದು ತಿಂಗಳ ಮಗು. ಅಡುಗೆಮನೆಯಿಂದ ತೆರೆಯುವ ಹಿತ್ತಲ ಬಾಗಿಲಿಗೆ ಬೇರೆ ಕ್ಯಾಮೆರಾ ಇಲ್ಲ. ಹನ್ನೊಂದಕ್ಕೆ ಮಗುವನ್ನು ಎತ್ತಿಕೊಂಡು ಬಂದು ಹನ್ನೊಂದೂವರೆಗೆ ಹೊರಟುಬಿಡುತ್ತಾಳೆ.

"ಮೊನ್ನೆ ನನ್ನ ಮೂಗು ಹಿಡ್ಕೊಂಡು ನಕ್ಕಿತು ಕಣಪ್ಪಾ. ಬಿಡಿಸ್ಕೊಳ್ಳೋಕೇ ಆಗ್ಲಿಲ್ಲ, ಅಷ್ಟು ಗಟ್ಟಿ ಹಿಡಿತ! ಆ ಅರ್ಧ ಗಂಟೆ ನನಗೆ ಉಳಿಸಿಕೊಡು."

"ಯೋಚನೆ ಬಿಡಿ. ನೀವು ಹನ್ನೊಂದಕ್ಕೆ ನೀರಿನ ಪಂಪು ಹಾಕಿದಾಗ ಕರೆಂಟು ಕುಗ್ಗುತ್ತೆ, ಕ್ಯಾಮೆರಾ ಆರುತ್ತೆ ಅಂತೀನಿ. ಪಿನ್ನು ತುಕ್ಕು ಹಿಡಿದಿದೆ ಅಂತ ಅದಕ್ಕೊಂದು ಒಗ್ಗರಣೆ. ಹೊಸ ಪಿನ್ನು ಸಿಗೋದಕ್ಕೆ ತಿಂಗಳು ಹಿಡಿಯುತ್ತೆ ಅಂದ್ರಾಯ್ತು."

ತಾಯಿ ನಕ್ಕರು. "ಸುಳ್ಳು ಹೇಳೋದ್ರಲ್ಲಿ ಪಳಗಿದ ಕೈ ನೀನು."

"ಹೊಟ್ಟೆಪಾಡು ತಾಯಿ."

ಹಾಲಿಗೆ ಬಂದು ಮಗನಿಗೆ ಫೋನು ಮಾಡಿದೆ. ಪಂಪಿನ ಕತೆಯನ್ನು ಚೆನ್ನಾಗಿಯೇ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ. "ಓಹೋ, ಹೌದಾ," ಎಂದು ಎರಡು ಸಲ ಮೆಚ್ಚಿಕೊಂಡ.

ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕೇಳಿದ: "ತುಕ್ಕಿನ ವಿಷಯ ಮರೆತ್ರಾ ಪಂಡಿತರೇ? ಅಮ್ಮನಿಗೆ ಮಾತು ಕೊಟ್ಟಿದ್ರಲ್ಲ. ಒಗ್ಗರಣೆ ಇಲ್ಲದೆ ರುಚಿ ಇಲ್ಲ."

ಅಡುಗೆಮನೆಯ ಕೆಂಪು ದೀಪದ ಕಡೆ ತಿರುಗಿದೆ. ಆ ಕ್ಯಾಮೆರಾಕ್ಕೆ ಕಿವಿಯೂ ಇದೆ, ಬಾಯಿಯೂ ಇದೆ; ಆಫೀಸಿನಲ್ಲಿ ಕೂತೇ ಅವನು ಫೋನಿನಲ್ಲಿ ಕೇಳಬಹುದು, ಮಾತಾಡಬಹುದು. ಅಂಥವನ್ನು ನೂರಾರು ಕೂರಿಸಿದವನು ನಾನೇ. ತಾಯಿಯನ್ನು ಒಂದು ಮಾತೂ ಕೇಳದೆ ಸ್ವಿಚ್ಚು ಒತ್ತಿ, ಅದರ ಕೆಳಗೇ ನಿಂತು ಸುಳ್ಳು ಹೆಣೆದಿದ್ದೆ.

"ಹೊಸ ಕ್ಯಾಮೆರಾ ಇದೆಯಲ್ಲ? ಹಿತ್ತಲ ಬಾಗಿಲ ಮೇಲೆ ಹಾಕಿ. ಈಗಲೇ."

"ನನ್ನಿಂದಾಗಲ್ಲ ಸ್ವಾಮಿ."

"ಆಗದಿದ್ರೆ ಬಿಡಿ, ಇನ್ನೊಬ್ಬ ಹಾಕ್ತಾನೆ. ನಿಮ್ಮ ಮಾತೆಲ್ಲ ರೆಕಾರ್ಡಾಗಿದೆ. ನಿಮ್ಮ ಗಿರಾಕಿಗಳಿಗೂ ಕೇಳಿಸ್ತೀನಿ. ಆಮೇಲೆ ಯಾವ ಮನೆಯವರು ನಿಮ್ಮನ್ನ ಒಳಗೆ ಬಿಡ್ತಾರೋ ನೋಡೋಣ."

ನನ್ನ ಕಸುಬಿನಲ್ಲಿ ನಂಬಿಕೆ ಹೋದರೆ ಬಾಗಿಲು ಹೋದ ಹಾಗೆ. ನಾನು ಏಣಿ ಎತ್ತಿಕೊಂಡೆ. ಇದಕ್ಕಿಂತ ದೊಡ್ಡ ಕಾರಣ ನನಗೆ ಇರಲಿಲ್ಲ, ಈಗಲೂ ಹುಡುಕಿಕೊಂಡಿಲ್ಲ.

ಕ್ಯಾಮೆರಾ ಕೂರಿಸುವ ಹೊತ್ತಿಗೆ ಹನ್ನೊಂದಕ್ಕೆ ಹತ್ತು ನಿಮಿಷ. ಓಣಿಯ ತಿರುವಿಗೆ ಓಡಿದರೆ ಮಗಳನ್ನು ತಡೆಯಬಹುದು ಅನ್ನಿಸಿತು. ಗಾಡಿಯಿಂದ ಸ್ಕ್ರೂ ತರುತ್ತೇನೆ ಎಂದು ಇಳಿದೆ.

ಅಡುಗೆಮನೆಯ ಮೂಲೆಯಿಂದ ಅವನ ದನಿ ಬಂತು. "ಸ್ಕ್ರೂ ಡಬ್ಬಿ ನಿಮ್ಮ ಚೀಲದಲ್ಲೇ ಕಾಣ್ತಿದೆಯಲ್ಲ. ಹತ್ತಿ, ಹತ್ತಿ. ಕ್ಯಾಮೆರಾ ಇನ್ನೊಂಚೂರು ಬಗ್ಗಲಿ, ಹೊಸ್ತಿಲು ಕಾಣ್ಬೇಕು."

ತಾಯಿ ಹೊಸ್ತಿಲ ಒಳಗೆ ನಿಂತಿದ್ದರು. ಕೈ ತೊಳೆದು, ಹೆಗಲ ಮೇಲೆ ಮೆತ್ತಗಿನ ಹಳೆಯ ಬಟ್ಟೆಯೊಂದನ್ನು ಹಾಕಿಕೊಂಡಿದ್ದರು. ನನ್ನ ಮುಖ ನೋಡಲಿಲ್ಲ.

ಹಿತ್ತಲ ಗೇಟು ಕಿರ್ರೆಂದಿತು. ಮಗಳು ನಗುತ್ತಲೇ ಬಂದಳು. ಏಣಿಯ ಮೇಲೆ ನನ್ನನ್ನು ಕಂಡು ನಿಂತಳು. ಮಗು ಅಜ್ಜಿಯನ್ನು ನೋಡಿ ಎರಡೂ ಕೈ ಚಾಚಿತು.

"ಅಮ್ಮಾ, ಬಾಗಿಲು ಹಾಕು," ಎಂದಿತು ಗೋಡೆ.

"ಒಂದೇ ಒಂದು ಸಲ ಎತ್ಕೊಂಡು ಕೊಟ್ಟುಬಿಡ್ತೀನಿ ಮಗನೇ."

"ನಾನು ಬಂದು ಹಾಕ್ಲಾ? ಹೋದ ಸಲ ಅವಳ ಗಂಡಂದು ಕೈ ಮಾತ್ರ ಮುರಿದಿತ್ತು."

ಮಗಳು ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ತಾಯಿ ಬಾಗಿಲನ್ನು ಎರಡೂ ಕೈಯಿಂದ ಮೆಲ್ಲಗೆ ದೂಡಿದರು. ಸಂದಿಯಲ್ಲಿ ಮಗುವಿನ ಕೈ ಇನ್ನೂ ಚಾಚಿಕೊಂಡೇ ಇತ್ತು. ಅದಕ್ಕೆ ತಾಗದಂತೆ ತಡೆದು, ಮಗಳು ಅದನ್ನು ಹಿಂದೆಳೆದುಕೊಂಡ ಮೇಲೆ ಚಿಲಕ ಹಾಕಿದರು.

ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಚಿತ್ರ ಅಲುಗಾಡ್ತಿದೆ ಕಣ್ರೀ," ಎಂದ. "ಏಣಿ ಮೇಲೆ ನಡುಗ್ತಿದ್ದೀರಾ? ಗಟ್ಟಿಯಾಗಿ ಹಿಡ್ಕೊಂಡು ಸ್ಕ್ರೂ ಬಿಗಿ ಮಾಡಿ."

ಬಿಗಿ ಮಾಡಿದೆ.